ಜೋಳ ಕಾಯುವವರು ಓದು ಕೇಳಬೇಕು

ಹೋದ ವಾರ ಆನಗೋಡಿನ ನೆಂಟರ ಮನೆಯ ಗೃಹಪ್ರವೇಶಕ್ಕೆ ಹೊರಟಿದ್ದೆ. ಹೆದ್ದಾರಿ ಬಿಟ್ಟು ಸರ್ವಿಸ್ ರಸ್ತೆಗೆ ಸ್ಕೂಟರ್ ಇಳಿಸಿದ ಕೂಡಲೇ ಮೂಗಿಗೆ ಆ ವಾಸನೆ ಬಂತು. ಬಿಸಿಲಿಗೆ ಹರವಿದ ಮೆಕ್ಕೆಜೋಳದ ವಾಸನೆ. ಸ್ವಲ್ಪ ಸಿಹಿ, ಸ್ವಲ್ಪ ಧೂಳು, ಗಂಟಲಲ್ಲಿ ಸಣ್ಣಗೆ ಕೆರೆತ. ದಾವಣಗೆರೆ ಸೀಮೆಯಲ್ಲಿ ದೀಪಾವಳಿಯ ಆಸುಪಾಸು ಯಾವ ಗಟ್ಟಿ ನೆಲವೂ ಖಾಲಿ ಇರುವುದಿಲ್ಲ. ರಸ್ತೆ, ಗುಡಿಯ ಮುಂದಿನ ಜಾಗ, ಪಂಚಾಯ್ತಿ ಕಚೇರಿಯ ಸಿಮೆಂಟು ಅಂಗಳ, ಎಲ್ಲ ಕಡೆ ಹಳದಿ. ಅರ್ಧ ರಸ್ತೆಯನ್ನು ಜೋಳ ಹಿಡಿದಿತ್ತು, ಉಳಿದರ್ಧದಲ್ಲಿ ನಾನೂ ಒಂದು ಟ್ರ್ಯಾಕ್ಟರೂ ಎರಡು ಎಮ್ಮೆಗಳೂ ಹೊಂದಿಕೊಂಡು ಹೋಗಬೇಕಿತ್ತು. ಬೇರೆಯವರಾದರೆ ಬೈದುಕೊಳ್ಳುತ್ತಿದ್ದರೇನೋ. ನನಗೆ ನಗು ಬಂತು. ಅದರ ಹಿಂದೆಯೇ ಸಣ್ಣ ಶಾಲೆ ನೆನಪಾಯಿತು.

ನಾಲ್ಕು ವರ್ಷದ ಹಿಂದೆ, ಒಂದೇ ಒಂದು ವರ್ಷ, ನಾನು ಈ ಕಡೆ ಸಿ.ಆರ್.ಪಿ. ಆಗಿದ್ದೆ. ಅಕ್ಕಪಕ್ಕದ ಒಂಬತ್ತು ಹಳ್ಳಿಗಳ ಒಂಬತ್ತು ಸರ್ಕಾರಿ ಶಾಲೆ ಸೇರಿ ಒಂದು ಕ್ಲಸ್ಟರ್. ಅದನ್ನು ಸುತ್ತಿ ನೋಡಿಕೊಳ್ಳುವ ಶಿಕ್ಷಕಿಗೆ ಈ ಮೂರಕ್ಷರದ ಹೆಸರು. ಕೇಳುವುದಕ್ಕೆ ದೊಡ್ಡ ಹುದ್ದೆ. ಅಧಿಕಾರ ಮಾತ್ರ ಬಸ್ ಕಂಡಕ್ಟರನಿಗಿಂತ ಕಡಿಮೆ. ಅವನು ಸೀಟಿ ಊದಿದರೆ ಬಸ್ಸಾದರೂ ನಿಲ್ಲುತ್ತದೆ. ನಾನು ಹರಿಹರದ ಮನೆಯಿಂದ ಬೆಳಿಗ್ಗೆ ಬಸ್ಸು ಹತ್ತಿ ದಾವಣಗೆರೆಗೆ ಬಂದು, ಕೆ.ಬಿ. ಬಡಾವಣೆಯ ಅಕ್ಕನ ಮನೆಯಲ್ಲಿ ನಿಲ್ಲಿಸಿದ್ದ ಸ್ಕೂಟರ್ ತೆಗೆದುಕೊಂಡು ಹಳ್ಳಿಗಳ ಕಡೆ ಹೊರಡುತ್ತಿದ್ದೆ. ಚೀಲದಲ್ಲಿ ಊಟದ ಡಬ್ಬಿ, ಅದರ ಮೇಲೆ ಯಾವುದೋ ಶಾಲೆಗೆ ಅಳತೆ ತಪ್ಪಿ ಬಂದ ಮಕ್ಕಳ ಬೂಟು. ಒಂದೂರಲ್ಲಿ ದೊಡ್ಡದಾದದ್ದು ಇನ್ನೊಂದೂರಲ್ಲಿ ಸರಿಹೋಗುತ್ತಿತ್ತು.

ಹಳ್ಳಿ ಶಾಲೆಗಳ ಆಡಳಿತ ಹೇಗೆ ನಡೆಯುತ್ತದೆ ಎಂದು ಯಾರಾದರೂ ಕೇಳಿದರೆ ನಾನು ಫೋನ್ ತೋರಿಸುತ್ತೇನೆ. ‘ಶೌಚಾಲಯ ಎಷ್ಟು, ಮಧ್ಯಾಹ್ನದೊಳಗೆ ಮಾಹಿತಿ ಕೊಡಿ’ ಎಂದು ಸೋಮವಾರ ಬರುತ್ತದೆ. ಕೊಡುತ್ತೇವೆ. ಬುಧವಾರ ಅದೇ ಪ್ರಶ್ನೆ ಬೇರೆ ನಮೂನೆಯಲ್ಲಿ ಬರುತ್ತದೆ. ಎರಡು ದಿನದಲ್ಲಿ ಶೌಚಾಲಯ ಮರಿ ಹಾಕಿರಬಹುದೆಂಬ ಆಸೆಯೋ ಏನೋ. ಹೀಗೆ ಲೆಕ್ಕ ಕೊಡುವ ಗಡಿಬಿಡಿಯಲ್ಲಿ ಮಕ್ಕಳು ಓದುತ್ತಿದ್ದಾರೋ ಇಲ್ಲವೋ ಎಂಬುದು ಹಿಂದಿನ ಬೆಂಚಿಗೆ ಹೋಗಿ ಕೂತುಬಿಡುತ್ತದೆ. ನಾನೂ ಅದನ್ನು ಅಲ್ಲೇ ಕೂರಿಸಿದ್ದೆ.

ಒಂಬತ್ತರಲ್ಲಿ ಅತಿ ಚಿಕ್ಕದು ಹೆದ್ದಾರಿಯ ಆಚೆಗಿದ್ದ ಹಟ್ಟಿಯ ಶಾಲೆ. ಒಂದರಿಂದ ಐದನೆಯ ತರಗತಿ, ಹದಿನೇಳು ಮಕ್ಕಳು, ಎರಡು ಕೋಣೆ, ಒಂದು ಹೊಂಗೆ ಮರ, ಊರೇ ಹಿಡಿಸುವಷ್ಟು ದೊಡ್ಡ ಸಿಮೆಂಟು ಅಂಗಳ. ಎಲ್ಲರೂ ಅದನ್ನು ಸಣ್ಣ ಶಾಲೆ ಎಂದೇ ಕರೆಯುತ್ತಿದ್ದರು. ಇದ್ದ ಒಬ್ಬರೇ ಮೇಷ್ಟ್ರು ರುದ್ರಪ್ಪ. ನಿವೃತ್ತಿಗೆ ಎರಡು ವರ್ಷವಿತ್ತು. ಆಕಾಶ ಗುಡುಗಿದರೂ ಅವಸರ ಮಾಡುವ ಮನುಷ್ಯನಲ್ಲ. ಮೊದಲ ದಿನ ನಾನು ಹೋದಾಗ ಐದನೆಯ ತರಗತಿಯ ಹುಡುಗಿ ಒಂದನೆಯವರಿಗೆ ಅಕ್ಷರ ತಿದ್ದಿಸುತ್ತಿದ್ದಳು, ಮೇಷ್ಟ್ರು ನಡುವಿನವರಿಗೆ ಲೆಕ್ಕ ಹೇಳುತ್ತಾ ಸಾಂಬಾರಿಗೆ ಉಪ್ಪು ಸರಿಯಿದೆಯೇ ಎಂದು ಅಡುಗೆಯವರಿಗೆ ಕೂಗಿ ಕೇಳುತ್ತಿದ್ದರು.

"ಒಬ್ರೇ ಹೆಂಗೆ ಮಾಡ್ತೀರಿ ಮೇಷ್ಟ್ರೆ?" ಎಂದೆ.

"ನಾ ಒಬ್ನೇ ಎಲ್ಲಿ ಮೇಡಂ? ಹದಿನೇಳು ಮಂದಿ ಅದಾರಲ್ಲ," ಎಂದರು.

ಆಗಸ್ಟ್‌ನಲ್ಲಿ ನಮ್ಮ ಬ್ಲಾಕಿನ ಶಿಕ್ಷಣಾಧಿಕಾರಿಗಳು ಎಲ್ಲ ಶಾಲೆಗಳಲ್ಲೂ ಓದಿನ ಪರೀಕ್ಷೆ ನಡೆಸುವುದಾಗಿ ಹೇಳಿದರು. ಸಾಹೇಬರು ಎಂದರೆ ಎಲ್ಲರಿಗೂ ಹೆದರಿಕೆ. ಮಾತು ಬಿರುಸು, ನೆನಪಿನ ಶಕ್ತಿ ಇನ್ನೂ ಬಿರುಸು. ಪ್ರತಿ ಶಾಲೆಯಲ್ಲೂ ಮೂರನೆಯ ತರಗತಿಯ ಮಕ್ಕಳ ಕೈಗೆ ಒಂದು ಹಾಳೆ ಕೊಟ್ಟು ಓದಿಸುತ್ತಾರಂತೆ ಎಂದು ಸುದ್ದಿಯಾಯಿತು. ಹೊಸ ಉತ್ಸಾಹದಲ್ಲಿದ್ದ ನಾನು ಹಿಂದಿನ ವರ್ಷದ ಮಾದರಿಗಳಲ್ಲಿ ಒಂದನ್ನು ಆರಿಸಿ, ‘ಇದನ್ನು ಚೆನ್ನಾಗಿ ಅಭ್ಯಾಸ ಮಾಡಿಸಿ’ ಎಂದು ಒಂಬತ್ತು ಶಾಲೆಗೂ ವಾಟ್ಸಾಪಿನಲ್ಲಿ ಕಳಿಸಿದೆ. ಸೋಮ ಎಂಬುವನು ಬದನೆಕಾಯಿ ತೋಟ ಮಾಡಿದ ಕತೆ ಅದು, ಎಂಟೇ ಸಾಲು. ನಮ್ಮ ಶಿಕ್ಷಕರು ಹೇಳಿದ ಮಾತು ಮೀರುವವರಲ್ಲ. ಎರಡು ವಾರ ಒಂಬತ್ತು ಹಳ್ಳಿಯಲ್ಲೂ ಸೋಮನ ಬದನೆಕಾಯಿಯದೇ ಸದ್ದು. ಭೇಟಿಗೆ ಹೋದಲ್ಲೆಲ್ಲ ಮಕ್ಕಳು ಒಂದೂ ತಡವರಿಸದೆ ಓದಿ ತೋರಿಸಿದರು. ನಾನು ಮನೆಗೆ ಹೋಗಿ ಯಜಮಾನರ ಮುಂದೆ ಬೀಗಿದ್ದೂ ಉಂಟು.

ಸಾಹೇಬರು ಮೊದಲು ಬಂದದ್ದು ಸಣ್ಣ ಶಾಲೆಗೇ. ಮೂರನೆಯ ತರಗತಿಯ ಕಾವ್ಯಾಳನ್ನು ಕರೆದು ಹಾಳೆ ಕೊಟ್ಟರು. ಎರಡು ಜಡೆಯ, ಗಟ್ಟಿ ಗಂಟಲಿನ ಹುಡುಗಿ. ಬೆರಳನ್ನು ಮೊದಲ ಸಾಲಿನ ಮೇಲಿಟ್ಟು ಶುರುಮಾಡಿದಳು. "ಸೋಮನು ತೋಟದಲ್ಲಿ ಬದನೆಕಾಯಿ ಬೆಳೆದನು. ಬದನೆಕಾಯಿ ಗುಂಡಗೆ ಇದ್ದವು..." ಬೆರಳು ಸಾಲು ಸಾಲಾಗಿ ಇಳಿಯುತ್ತಾ ಹೋಯಿತು. ಎಂಟು ಸಾಲು ಮುಗಿಸಿ ಕೈಕಟ್ಟಿ ನಿಂತಳು. ಹಾಳೆಯಲ್ಲಿ ಇದ್ದದ್ದು ಕೆರೆಯ ದಂಡೆಗೆ ಬಂದ ಕೊಕ್ಕರೆಗಳ ಪಾಠ.

ಸಾಹೇಬರು ಹಾಳೆ ನೋಡಿದರು, ಹುಡುಗಿಯನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಮುಂದಿನ ಎಂಟು ಶಾಲೆಗಳಲ್ಲೂ ಬದನೆಕಾಯಿ ಅದೇ ರೀತಿ ಗುಂಡಗೆ ಇತ್ತು.

ದಾವಣಗೆರೆಯ ಕಚೇರಿಯಲ್ಲಿ ಸಭೆ ಸೇರಿದಾಗ ನಮ್ಮ ಕ್ಲಸ್ಟರ್ ಕಟ್ಟಕಡೆಯದು. "ಬದನೆಕಾಯಿ ಕ್ಲಸ್ಟರ್‌ನೋರು ಎದ್ದು ನಿಲ್ರಿ," ಎಂದರು ಸಾಹೇಬರು. ಸಭೆಯೆಲ್ಲ ನಕ್ಕಿತು. ನಾನೊಬ್ಬಳೇ ಎದ್ದು ನಿಂತೆ. "ಪುಸ್ತಕದ ಬದನೆಕಾಯಿ ಅಂತ ಕೇಳಿದ್ದೆ, ಪುಸ್ತಕವೇ ಇಲ್ದ ಬದನೆಕಾಯಿ ಇವತ್ತೇ ನೋಡಿದ್ದು," ಎಂದರು. ಆಮೇಲೆ ದನಿ ತಗ್ಗಿಸಿ, ನಗದೆ ಹೇಳಿದರು: "ಬೆರಳು ಸಾಲಿನ ಮೇಲೆ, ಬಾಯಿ ಬೇರೆ ಕಡೆ. ಇದು ಮಕ್ಕಳಿಗೆ ಮಾಡಿದ ಮೋಸ ಮೇಡಂ. ಆ ಸಣ್ಣ ಶಾಲೇಲಿ ಮಕ್ಕಳ ಸಂಖ್ಯೆನೂ ಕಮ್ಮಿ. ಜನವರೀಲಿ ನಾನೇ ಮತ್ತೆ ಬರ್ತೀನಿ. ಆಗ್ಲೂ ಹಿಂಗೇ ಇದ್ರೆ ಅದನ್ನ ದೊಡ್ಡ ಶಾಲೆಗೆ ಸೇರ್ಸಾಕೆ ಬರ್ದು ಬಿಡ್ತೀನಿ. ಒಬ್ರೇ ಮೇಷ್ಟ್ರು ಇಟ್ಕಂಡು ಏನ್ ಉಪಯೋಗ?"

ದೊಡ್ಡ ಶಾಲೆ ಇರುವುದು ಹೆದ್ದಾರಿಯ ಈಚೆ. ದೊಡ್ಡ ಮಕ್ಕಳು ದಾಟುತ್ತಾರೆ. ಆರು ವರ್ಷದವು ಆ ಲಾರಿಗಳ ನಡುವೆ ಹೇಗೆ ದಾಟಬೇಕು? ಸಭೆ ಮುಗಿದು ಮಂಡಕ್ಕಿ ಅಂಗಡಿಯ ಮುಂದೆ ನಿಂತಾಗ, ನನಗಾಗಿ ಹೊರಗೆ ಕಾದಿದ್ದ ರುದ್ರಪ್ಪ ಮೇಷ್ಟ್ರು ಮೊದಲ ಬಾರಿಗೆ ನಗುವುದನ್ನು ಮರೆತಿದ್ದರು. "ನನ್ನ ನೌಕ್ರಿ ಎಲ್ಲಿ ಹಾಕಿದ್ರೂ ನಡಿತೈತೆ ಮೇಡಂ. ಈ ಹುಡುಗ್ರು ಸಾಲಿ ಬಿಟ್ಟು ಕೂಡ್ತಾವೆ," ಎಂದರು. ತಪ್ಪು ಅವರದಲ್ಲ, ನನ್ನದು. ಮಿರ್ಚಿ ಕೈಯಲ್ಲೇ ತಣ್ಣಗಾಯಿತು.

ಸೆಪ್ಟೆಂಬರ್ ಪೂರ್ತಿ ನಾನು ಬೇರೆ ಬೇರೆ ಕಸರತ್ತು ಮಾಡಿದೆ. ಅಕ್ಷರದ ಚೀಟಿ, ಚಿತ್ರದ ಕಾರ್ಡು, ಓದುವ ಮೂಲೆ. ಮಕ್ಕಳು ಖುಷಿಯಿಂದ ಚೀಟಿ ಹೆಕ್ಕಿದರು. ಓದಲು ಕೂತರೆ ಮಾತ್ರ ಪಾಠ ಮತ್ತೆ ಬಾಯಿಪಾಠವೇ ಆಗುತ್ತಿತ್ತು. ಎರಡು ಸಲ ಕೇಳಿದ್ದನ್ನು ಮೂರನೆಯ ಸಲಕ್ಕೆ ಕಣ್ಣುಮುಚ್ಚಿ ಒಪ್ಪಿಸುವಷ್ಟು ಜಾಣರು ಅವರು. ಆ ಜಾಣತನವೇ ನಮಗೆ ಮುಳುವಾಗಿತ್ತು.

ಅಕ್ಟೋಬರ್ ಕೊನೆಗೆ ಒಂದು ಬೆಳಿಗ್ಗೆ ಸಣ್ಣ ಶಾಲೆಗೆ ಹೋದರೆ ಅಂಗಳವೇ ಕಾಣಲಿಲ್ಲ. ಗೇಟಿನಿಂದ ಬಾಗಿಲವರೆಗೆ ಮೆಕ್ಕೆಜೋಳ. ಮಕ್ಕಳು ಒಳಗೆ ಹೋಗಲು ಒಂದು ಅಡಿ ಅಗಲದ ದಾರಿ ಬಿಟ್ಟಿದ್ದರು. ಹೊಂಗೆ ಮರದಡಿ ಗುಬ್ಬಿ ಓಡಿಸುತ್ತಾ, ಆಗಾಗ ಎದ್ದು ಕಾಲಲ್ಲೇ ಜೋಳವನ್ನು ಸಾಲು ಸಾಲಾಗಿ ತಿರುವುತ್ತಾ ಕಾವ್ಯಾಳ ಅಜ್ಜಿ ಹಾಲಮ್ಮ ಕೂತಿದ್ದಳು.

"ವರ್ಷಾ ಹಿಂಗೇ ಮೇಡಂ," ಎಂದರು ಮೇಷ್ಟ್ರು. "ಹಟ್ಟ್ಯಾಗ ಇರೋದು ಇದೊಂದೇ ಗಟ್ಟಿ ನೆಲ."

ನನಗೆ ಸಿಟ್ಟು ನೆತ್ತಿಗೇರಿತು. ಶಾಲೆ ಉಳಿಯುತ್ತದೋ ಇಲ್ಲವೋ ಎಂದು ನಾನು ನಿದ್ದೆಗೆಟ್ಟಿದ್ದರೆ ಇವರು ಅಂಗಳವನ್ನೇ ಕಣ ಮಾಡಿಕೊಂಡಿದ್ದಾರೆ. ಅಲ್ಲೇ ಕೂತು ಒಂದು ಹಾಳೆಯ ಮೇಲೆ ದಪ್ಪಕ್ಷರದಲ್ಲಿ ಬರೆದೆ. ‘ಶಾಲಾ ಆವರಣದಲ್ಲಿ ಧಾನ್ಯ ಒಣಗಿಸುವುದನ್ನು ನಿಷೇಧಿಸಲಾಗಿದೆ. ಉಲ್ಲಂಘಿಸಿದವರ ಮೇಲೆ ಕ್ರಮ ಜರುಗಿಸಲಾಗುವುದು.’ ಗೋಡೆಗೆ ಅಂಟಿಸಿದೆ. ಮೂರು ದಿನ ಬಿಟ್ಟು ಬಂದರೆ ಜೋಳ ಇನ್ನೂ ಹೆಚ್ಚಾಗಿತ್ತು.

"ಅಜ್ಜಿ, ಗೋಡೆ ಮೇಲೆ ಬರೆದದ್ದು ಕಾಣಲಿಲ್ಲವಾ?" ಎಂದೆ.

"ಕಾಣ್ತು ಟೀಚರಮ್ಮ. ನಂಗೆ ಓದಾಕ ಬರಲ್ಲ. ಹುಡುಗಿಗೆ ಓದೇ ಅಂದ್ರೆ ಅದ್ಯಾವ್ದೋ ಬದನೆಕಾಯಿ ಅಂತು," ಎಂದಳು ಹಾಲಮ್ಮ. "ನೀನೇ ಓದು, ಕೇಳ್ತೀನಿ."

ಓದಿದೆ. ಅವಳು ಕೆನ್ನೆಗೆ ಕೈಯಿಟ್ಟು ಗಂಭೀರವಾಗಿ ಕೇಳಿದಳು.

"ಕ್ರಮ ಜರುಗಿಸೋದು ಅಂದ್ರೆ ಏನು?"

"ಅಂದರೆ... ಕ್ರಮ ತೆಗೆದುಕೊಳ್ಳುವುದು."

"ಏನ್ ತಗೋತೀ? ಜೋಳಾನೋ, ನನ್ನೋ?"

ನಿಜಕ್ಕೂ ಏನು ಕ್ರಮ ಎಂದು ನಾನು ಯೋಚಿಸಿಯೇ ಇರಲಿಲ್ಲ. ಇಪ್ಪತ್ತು ವರ್ಷದಿಂದ ಸುತ್ತೋಲೆಗಳಲ್ಲಿ ಓದಿ ಓದಿ ಬಾಯಿಗೆ ಬಂದ ಸಾಲು, ಕೈ ತಾನಾಗಿ ಬರೆದಿತ್ತು. ಒಳಗಿನಿಂದ ಮೇಷ್ಟ್ರು ಕೆಮ್ಮಿದರು, ನಗು ಮುಚ್ಚುವ ಕೆಮ್ಮು.

"ನೋಡು ಟೀಚರಮ್ಮ," ಎಂದಳು ಹಾಲಮ್ಮ, "ನಮ್ಮ ಕಾವ್ಯ ಇದನ್ನ ಓದಿ, ಹಿಂಗಂದ್ರೆ ಹಿಂಗೆ ಅಂತ ನಂಗೆ ತಿಳಿಯಂಗೆ ಹೇಳಿದ್ ದಿನ ನಾನೇ ಜೋಳ ತಗಿತೀನಿ. ಅಲ್ಲೀತಂಕ ನಂಗೂ ಕಾಯಾದು ತಪ್ಪಲ್ಲ, ನಿಂಗೂ ಕಾಯಾದು ತಪ್ಪಲ್ಲ."

ಆ ಮಧ್ಯಾಹ್ನವೇ ಮೋಡ ಕವಿಯಿತು. ಮೂರು ಗಂಟೆಗೆ ತೆಂಕಣ ದಿಕ್ಕು ಕಪ್ಪಾಗಿ, ತಣ್ಣನೆ ಗಾಳಿ ಎದ್ದಿತು. ದೊಡ್ಡವರೆಲ್ಲ ಹೊಲದಲ್ಲಿದ್ದರು. ಮೇಷ್ಟ್ರು ಗಂಟೆ ಬಾರಿಸಿದರು, ಬಿಡುವಿನ ಗಂಟೆಯಲ್ಲ, ಬಿಡದೆ ಬಾರಿಸುವ ಗಂಟೆ. ಹದಿನೇಳು ಮಕ್ಕಳೂ ಹೊರಗೆ ಓಡಿ ಬಂದರು. ಊಟದ ತಟ್ಟೆಗಳೇ ಮೊರವಾದವು, ನಕಾಶೆಯ ಕೋಲು ಗುಡ್ಡೆ ಎಳೆಯುವ ಹಲಗೆಯಾಯಿತು. ನಾನು ಸೆರಗು ಸಿಕ್ಕಿಸಿ ಜೋಳದಲ್ಲಿ ಮೊಣಕಾಲೂರಿ ಬಾಚಿದೆ. ಶಾಲಾ ಸಮಿತಿಯ ಅಧ್ಯಕ್ಷ ಬಸಣ್ಣ ಮಂಡಿಪೇಟೆಯ ತನ್ನ ಅಂಗಡಿಯಿಂದ ತಾಡಪಾಲು ಹೇರಿಕೊಂಡು ಬೈಕಿನಲ್ಲಿ ಬರುವ ಹೊತ್ತಿಗೆ ಮುಕ್ಕಾಲು ಜೋಳ ತರಗತಿಯೊಳಗಿತ್ತು. ಮೊದಲ ಹನಿ ಬಿದ್ದಾಗ ಕೊನೆಯ ಬುಟ್ಟಿ ಬಾಗಿಲು ದಾಟಿತು. ಆಮೇಲೆ ಸುರಿದ ಮಳೆ ಅಂಗಳವನ್ನು ತೊಳೆದು ಹಾಕಿತು.

ನಾವೆಲ್ಲ ಒಳಗೆ ಜೋಳದ ಗುಡ್ಡದ ಮೇಲೆ ಕೂತಿದ್ದೆವು. ಮಕ್ಕಳ ತಲೆತುಂಬ ಹೊಟ್ಟು. ಬಸಣ್ಣ ಒಂದು ಕಾಳು ಬಾಯಿಗೆ ಹಾಕಿ ಕಚ್ಚಿ ನೋಡಿ, "ಕಟುಂ ಅಂತು. ಉಳೀತು ಬಿಡ್ರಿ," ಎಂದ. ಆಮೇಲೆ ಗೋಡೆಯ ಮೇಲಿನ ನನ್ನ ಹಾಳೆ ನೋಡಿ ತಲೆ ಕೆರೆದುಕೊಂಡ. "ಮೇಡಂ, ನೀವು ಬ್ಯಾಡ ಅಂದ್ರೂ ನಮ್ ಜೋಳ ಉಳ್ಸಿದ್ರಿ. ಈಗ ನಾವೇನ್ ಮಾಡ್ಬೇಕು ಹೇಳ್ರಿ."

ಹೊರಗೆ ಮಳೆಯ ಸದ್ದು. ಅವತ್ತು ನನಗೆ ಹೊಳೆದದ್ದು ನನ್ನ ಬುದ್ಧಿಯಿಂದಲ್ಲ, ಹಾಲಮ್ಮನ ಪ್ರಶ್ನೆಯಿಂದ. ಅಂದರೆ ಏನು ಎಂದು ಕೇಳುವವರಿದ್ದರೆ ಬಾಯಿಪಾಠ ನಡೆಯುವುದಿಲ್ಲ. ಬಸಣ್ಣನಿಗೆ ಹೇಳಿದೆ: "ಜೋಳ ಹಾಕಿಕೊಳ್ಳಿ. ಆದರೆ ಜೋಳ ಕಾಯೋಕೆ ಕೂತವರು ಸುಮ್ಮನೆ ಕೂರೋ ಹಾಗಿಲ್ಲ. ದಿನಾ ಒಂದು ಮಗುವಿನ ಓದು ಕೇಳಬೇಕು."

"ನಮಗೆ ಓದಾಕೇ ಬರಲ್ವಲ್ಲ," ಎಂದಳು ಹಾಲಮ್ಮ.

"ಕೇಳಾಕ ಬರ್ತೈತಲ್ಲ," ಎಂದರು ರುದ್ರಪ್ಪ ಮೇಷ್ಟ್ರು.

ಮಾರನೆಯ ದಿನ ನನ್ನ ನಿಷೇಧದ ಹಾಳೆ ಕಿತ್ತು, ಅದೇ ಜಾಗದಲ್ಲಿ ಮೇಷ್ಟ್ರು ಸುಣ್ಣದಲ್ಲಿ ಬರೆದರು: ‘ಜೋಳ ಕಾಯುವವರು ಓದು ಕೇಳಬೇಕು.’ ಯಾರಿಗೂ ಅದರ ಅರ್ಥ ಕೇಳಬೇಕಾಗಿ ಬರಲಿಲ್ಲ.

ಮುಂದಿನ ಎರಡು ತಿಂಗಳು ನನ್ನ ಇಡೀ ನೌಕರಿಯ ಸಂತೋಷದ ದಿನಗಳು. ಬೆಳಿಗ್ಗೆಯ ಎಳೆ ಬಿಸಿಲಿಗೆ ಅಂಗಳದ ಸುತ್ತ ಐದಾರು ಕಡೆ ಒಬ್ಬೊಬ್ಬ ದೊಡ್ಡವರು, ಪಕ್ಕದಲ್ಲಿ ಪುಸ್ತಕ ಹಿಡಿದ ಮಗು. ಕಾವ್ಯ ಮೊದಲ ದಿನ ಅಭ್ಯಾಸದಂತೆ ಒಂದೇ ಉಸಿರಿಗೆ ಶುರುಮಾಡಿದಳು. "ಅಜ್ಜಿ ಸಂತೆಗೆ ಹೋದಳು ಕೊಡೆ ಮರೆತಳು ಮಳೆ ಬಂತು..."

"ತಡಿ," ಎಂದಳು ಹಾಲಮ್ಮ. "ಕೊಡಿ ಎಲ್ಲಿ ಮರ್ತ್ಲು? ಮನ್ಯಾಗೋ, ಸಂತ್ಯಾಗೋ?"

ಬಾಯಿಪಾಠದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಕಾವ್ಯ ಪುಸ್ತಕಕ್ಕೆ ಬಗ್ಗಿ, ಬೆರಳಿಟ್ಟು, ಹುಡುಕಿದಳು. ಒಂದೊಂದೇ ಅಕ್ಷರ ಕೂಡಿಸಿ, ಬೆವರಿ, ಕೊನೆಗೆ ತಲೆ ಎತ್ತಿದಳು. "ಬಸ್ಸಿನ್ಯಾಗೆ ಅಜ್ಜಿ."

"ಅಯ್ಯೋ, ನನ್ನಂಗೇ," ಎಂದಳು ಹಾಲಮ್ಮ. "ಮುಂದೇನಾತು, ಓದು."

ಅವಳು ಅಕ್ಷರ ತಿದ್ದಲಿಲ್ಲ, ತಿದ್ದಲು ಬರುತ್ತಲೂ ಇರಲಿಲ್ಲ. ಆದರೆ ಕತೆಗೆ ಹೊಂದದ ಮಾತು ಬಂದರೆ ಅವಳ ಕಿವಿಗೆ ಕಲ್ಲು ಸಿಕ್ಕಂತೆ ಆಗುತ್ತಿತ್ತು. "ಹಂಗಿರಕ್ಕಿಲ್ಲ, ಮತ್ತೆ ಓದು" ಎನ್ನುತ್ತಿದ್ದಳು. ಹುಡುಗಿ ಮತ್ತೆ ನೋಡಿದರೆ ನಿಜವಾಗಿಯೂ ಒಂದು ಪದ ಹಾರಿರುತ್ತಿತ್ತು. ಬಸಣ್ಣನ ಅಪ್ಪ, ಎಂಬತ್ತರ ತಾತ, ಬೇರೆ ಬಗೆಯವರು. ಮಗು ರಾಗ ಎಳೆದು ಒಪ್ಪಿಸಿದರೆ ಎರಡೇ ನಿಮಿಷಕ್ಕೆ ಗೊರಕೆ. ತಿಳಿದು ಓದಿದರೆ ಕಣ್ಣು ಬಿಟ್ಟು ಕೂರುತ್ತಿದ್ದರು. "ಇವತ್ತು ತಾತ ಮಲಗ್ಲೇ ಇಲ್ಲ ಮಿಸ್" ಎಂದು ಮಕ್ಕಳು ನನ್ನ ಸ್ಕೂಟರಿಗೆ ಎದುರಾಗಿ ಓಡಿ ಬಂದು ಹೇಳುತ್ತಿದ್ದರು. ಕಚೇರಿಯ ಯಾವ ಮೌಲ್ಯಮಾಪನ ನಮೂನೆಯೂ ಆ ಗೊರಕೆಯಷ್ಟು ಸರಿಯಾಗಿ ಹೇಳುತ್ತಿರಲಿಲ್ಲ.

ಸುದ್ದಿ ಉಳಿದ ಎಂಟು ಹಳ್ಳಿಗೂ ಹೋಯಿತು. ಒಂದೂರಲ್ಲಿ ಹಾಲಿನ ಡೇರಿಯ ಸಾಲಿನಲ್ಲಿ ನಿಂತವರಿಗೆ ಮಕ್ಕಳು ಓದಿ ಹೇಳಿದರು, ಇನ್ನೊಂದೂರಲ್ಲಿ ಹಿಟ್ಟಿನ ಗಿರಣಿಯ ಮುಂದೆ. ಗಿರಣಿಯ ಮಕ್ಕಳ ಗಂಟಲು ಮಾತ್ರ ಸ್ವಲ್ಪ ಜಾಸ್ತಿಯೇ ಬಲಿಯಿತು. ಪಾಠದ ಪುಸ್ತಕ ಮುಗಿದ ಮೇಲೆ ಬೀಜದ ಚೀಲ, ಬಸ್ಸಿನ ಫಲಕ, ಗೊಬ್ಬರದ ಪೊಟ್ಟಣ, ಕೈಗೆ ಸಿಕ್ಕಿದ್ದೆಲ್ಲ ಓದಿದರು. ನಾನು ಒಂಬತ್ತು ಊರಲ್ಲೂ ನೆಲದ ಮೇಲೆ ಕೂತು ಕೇಳಿದೆ. ಡಿಸೆಂಬರ್‌ನಲ್ಲಿ ಒಂದು ದಿನ ಕಾವ್ಯ ನನ್ನ ಹಳೆಯ ನಿಷೇಧದ ಹಾಳೆಯನ್ನು ಎಲ್ಲಿಂದಲೋ ಹೆಕ್ಕಿ ತಂದು, ಅಜ್ಜಿಯ ಮುಂದೆ ಪೂರ್ತಿ ಓದಿ, "ಅಂದ್ರೆ ಜೋಳ ಹಾಕಿದ್ರೆ ಮೇಡಂ ಬಯ್ತಾರೆ ಅಂತ. ಅಷ್ಟೇ," ಎಂದು ಅರ್ಥ ಹೇಳಿದಳು. ಹಾಲಮ್ಮ ಮಾತಿಗೆ ತಪ್ಪಲಿಲ್ಲ, ಜೋಳ ತೆಗೆಯಲು ಎದ್ದಳು. ನಾನೇ ಕೈ ಹಿಡಿದು ಕೂರಿಸಿದೆ.

ಜನವರಿಯಲ್ಲಿ ಸಾಹೇಬರ ಜೀಪು ಬಂತು. ಅಂಗಳ ಬಹುತೇಕ ಖಾಲಿಯಾಗಿತ್ತು. ತಡವಾಗಿ ಬಿತ್ತಿದ ಹಾಲಮ್ಮನ ಕೊನೆಯ ಒಂದು ಹಾಸು ಮಾತ್ರ ಬಾಗಿಲ ಬಳಿ ಉಳಿದಿತ್ತು, ಅವಳು ಅಲ್ಲೇ ಕೂತಿದ್ದಳು. ರುದ್ರಪ್ಪ ಮೇಷ್ಟ್ರು ಕನ್ನಡಕವನ್ನು ನಾಲ್ಕನೆಯ ಸಲ ಒರೆಸುತ್ತಿದ್ದರು.

ಸಾಹೇಬರು ಮತ್ತೆ ಕಾವ್ಯಾಳನ್ನೇ ಕರೆದರು. ದೋಣಿಯ ಕುರಿತ ಒಂದು ಹಾಳೆ. ಅವಳು ನಿಧಾನಕ್ಕೆ ಓದಿದಳು. ಎರಡು ಕಡೆ ತಡವರಿಸಿ ತಾನೇ ಹಿಂದೆ ಹೋಗಿ ಸರಿಮಾಡಿಕೊಂಡಳು. ನನಗೆ ಹಾರುವಷ್ಟು ಖುಷಿ. ಸಾಹೇಬರ ಹುಬ್ಬು ಮಾತ್ರ ಇಳಿಯಲಿಲ್ಲ.

"ಇದೂ ಮೊದ್ಲೇ ವಾಟ್ಸಾಪಲ್ಲಿ ಬಂದಿತ್ತೇನ್ರಿ ಮೇಡಂ?" ಎಂದರು.

ಚುಚ್ಚಿತು. ಆದರೆ ಆ ಮಾತನ್ನು ಸಂಪಾದಿಸಿದವಳು ನಾನೇ. ಅವರು ಸುತ್ತ ನೋಡಿದರು, ಕೈಚೀಲ ತೆರೆದು ಒಂದು ಲಗ್ನಪತ್ರಿಕೆ ಹೊರತೆಗೆದರು. ಮಗಳ ಮದುವೆ. ಹೋದಲ್ಲೆಲ್ಲ ಹಂಚುತ್ತಿದ್ದರು, ಮೂಲೆಗೆ ಅರಿಶಿನ ಹಚ್ಚಿದ ಹತ್ತಾರು ಪತ್ರಿಕೆಗಳು ಚೀಲದಲ್ಲಿದ್ದವು.

"ಇದನ್ನ ಓದಮ್ಮ. ಇದಂತೂ ನಿಮ್ ಮೇಡಂ ಕಲ್ಸಿರಾಕ ಸಾಧ್ಯ ಇಲ್ಲ."

ಕಾವ್ಯ ಪತ್ರಿಕೆಯನ್ನು ಎರಡೂ ಕೈಯಲ್ಲಿ ಹಿಡಿದು ಓದಿದಳು. "ಮಾಘ ಬಹುಳ ಬಿದಿಗೆ, ಗುರುವಾರ... ಸಲ್ಲುವ ಶುಭ... ಶುಭ ಮುಹೂರ್ತದಲ್ಲಿ..."

"ತಡಿ," ಎಂದಿತು ಬಾಗಿಲಿನಿಂದ ಒಂದು ದನಿ.

ಎಲ್ಲರೂ ತಿರುಗಿದೆವು. ಹಾಲಮ್ಮ ಎರಡು ತಿಂಗಳ ಅಭ್ಯಾಸ ಬಿಡಲಾರದೆ ಬಾಯಿ ಹಾಕಿದ್ದಳು.

"ಯಾವತ್ತು ಅಂದಿ?"

"ಬಿದಿಗೆ, ಗುರುವಾರ, ಅಜ್ಜಿ."

"ಹಂಗಿರಕ್ಕಿಲ್ಲ. ಮತ್ತೆ ಓದು."

ಕಾವ್ಯ ಮತ್ತೆ ನೋಡಿದಳು, ಬೆರಳಿಟ್ಟು. "ಗು, ರು, ವಾ, ರ. ಹಂಗೇ ಐತೆ ಅಜ್ಜಿ."

"ಹೆಂಗೆ ಇರ್ತೈತೆ? ಭಾರತ ಹುಣ್ಣಿಮಿ ಬುಧವಾರ. ನಮ್ಮನಿ ದೇವರ ಕಾರ್ಯ ಅವತ್ತೇ ಇಟ್ಕಂಡೀವಿ. ಬುಧವಾರ ಹುಣ್ಣಿಮಿ ಆದ್ರೆ ಗುರುವಾರ ಪಾಡ್ಯ, ಶುಕ್ರವಾರ ಬಿದಿಗಿ. ಬರ್ದೋರೇ ತಪ್ಪು ಬರ್ದಾರೆ ಬಿಡು."

ಸಾಹೇಬರು ನಕ್ಕು ಪತ್ರಿಕೆ ಇಸಿದುಕೊಂಡರು. ನೋಡಿದರು. ಫೋನ್ ತೆಗೆದು ಕ್ಯಾಲೆಂಡರ್ ನೋಡಿದರು. ಮತ್ತೆ ಪತ್ರಿಕೆ ನೋಡಿದರು. ಅಲ್ಲಿದ್ದ ತಾರೀಕು ಶುಕ್ರವಾರಕ್ಕೆ ಬರುತ್ತಿತ್ತು. ಕಲ್ಯಾಣ ಮಂಟಪ ಹಿಡಿದದ್ದೂ ಆ ತಾರೀಕಿಗೇ. ವಾರ ಮಾತ್ರ ಗುರುವಾರ ಎಂದು ಅಚ್ಚಾಗಿತ್ತು. ಅವರ ಮುಖದ ಬಣ್ಣ ಇಳಿಯಿತು.

"ಮೂರು ಸಲ ಪ್ರೂಫ್ ನೋಡೀನಲ್ರಿ ನಾನು," ಎಂದರು ಮೆಲ್ಲಗೆ. "ಮನೇಲೆಲ್ಲ ನೋಡಿದ್ರು. ಅರ್ಧ ಪತ್ರಿಕೆ ಹಂಚಿ ಆತು. ಒಬ್ರೂ ಹೇಳ್ಲಿಲ್ಲ."

ಆಗ ರುದ್ರಪ್ಪ ಮೇಷ್ಟ್ರು, ಮೂವತ್ತು ವರ್ಷದ ನೌಕರಿಯಲ್ಲಿ ಯಾವ ಅಧಿಕಾರಿಗೂ ಎದುರಾಡದ ಮನುಷ್ಯ, ಕನ್ನಡಕ ಏರಿಸಿಕೊಂಡು ಬಹಳ ವಿನಯದಿಂದ ಹೇಳಿದರು: "ಬದನೆಕಾಯಿ ಆತೇನೋ ಸಾಹೇಬ್ರೆ."

ಸಾಹೇಬರು ಮೇಷ್ಟ್ರನ್ನು ದಿಟ್ಟಿಸಿದರು. ಆಮೇಲೆ ಅವರ ಹೊಟ್ಟೆ ಅಲುಗಲು ಶುರುವಾಯಿತು. ಕುರ್ಚಿಯಲ್ಲಿ ಒರಗಿ, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. "ಹೌದು ಕಣ್ರಿ ಮೇಷ್ಟ್ರೆ. ಬೆರಳು ಸಾಲಿನ ಮೇಲೆ, ಬಾಯಿ ಬೇರೆ ಕಡೆ. ನಂದೂ ಅದೇ." ಎದ್ದು ಬಾಗಿಲ ತನಕ ಹೋಗಿ, ಜೋಳದ ಪಕ್ಕ ಕುಕ್ಕರಗಾಲಲ್ಲಿ ಕೂತು ಹಾಲಮ್ಮನಿಗೆ ಕೈಮುಗಿದರು. "ಅಜ್ಜಿ, ಮದುವಿ ಮನಿ ಮರ್ಯಾದಿ ಉಳ್ಸಿದ್ರಿ. ನೀವು ಎಷ್ಟನೇ ಕ್ಲಾಸ್ ಓದೀರಿ?"

"ನಾನೆಲ್ಲಿ ಓದಿನಪ್ಪ? ಬರೇ ಕೇಳ್ತೀನಿ," ಎಂದಳು ಅವಳು.

ಆ ಮಧ್ಯಾಹ್ನ ಸಣ್ಣ ಶಾಲೆಯಲ್ಲಿ ಬೇರೆ ಪಾಠ ನಡೆಯಲಿಲ್ಲ. ನಾಲ್ಕು, ಐದನೆಯ ತರಗತಿಯ ಮಕ್ಕಳು ಸಾಲಾಗಿ ಕೂತು, ಚೀಲದಲ್ಲಿದ್ದ ಪತ್ರಿಕೆಗಳಲ್ಲಿ ಗುರುವಾರ ಹೊಡೆದು ಶುಕ್ರವಾರ ಎಂದು ಮುತ್ತಿನಂಥ ಅಕ್ಷರದಲ್ಲಿ ಬರೆದರು. ಸಾಹೇಬರು ಹೊಂಗೆ ಮರದಡಿ ನಿಂತು, ಆಗಲೇ ಹಂಚಿದವರಿಗೆ ಒಬ್ಬೊಬ್ಬರಿಗೇ ಫೋನ್ ಹಚ್ಚಿದರು. ಹೊರಡುವ ಮುಂಚೆ ಭೇಟಿ ಪುಸ್ತಕ ಕೇಳಿ ಬರೆದರು. ಅವರು ಜೀಪು ಹತ್ತಿದ ಮೇಲೆ ಕಾವ್ಯಾಳ ಕೈಲೇ ಅದನ್ನು ಓದಿಸಿದೆವು. ‘ಮಕ್ಕಳು ಓದುತ್ತಾರೆ. ಊರು ಕೇಳುತ್ತದೆ. ಈ ಶಾಲೆ ಇಲ್ಲೇ ಇರತಕ್ಕದ್ದು.’ ರುದ್ರಪ್ಪ ಮೇಷ್ಟ್ರು ಮತ್ತೊಂದು ಸಲ ಓದಿಸಿದರು. ನಾನು ಅತ್ತೆ, ನಾಚಿಕೆಯಿಲ್ಲದೆ, ಮಕ್ಕಳ ಮುಂದೆಯೇ.

ನಮ್ಮ ಕ್ಲಸ್ಟರ್ ಬ್ಲಾಕಿಗೆ ಮೊದಲೇನೂ ಬರಲಿಲ್ಲ. ನಡುವೆ ಎಲ್ಲೋ ಒಂದು ಕಡೆ, ಗೌರವವಾಗಿ ಕೂತುಕೊಂಡಿತು. ಶುಕ್ರವಾರದ ಮದುವೆಗೆ ಬಸಣ್ಣನ ಟೆಂಪೊದಲ್ಲಿ ಹದಿನೇಳು ಮಕ್ಕಳೂ, ಹಾಲಮ್ಮನೂ, ನಿದ್ದೆಯ ತಾತನೂ ದಾವಣಗೆರೆಗೆ ಬಂದರು. ಸಾಹೇಬರು ಹಾಲಮ್ಮನನ್ನು ಬೀಗರಿಗೆ ಪರಿಚಯಿಸಿದ ರೀತಿ ನೋಡಬೇಕಿತ್ತು: "ಇವರು ನಮ್ಮ ಇನ್‌ಸ್ಪೆಕ್ಟರು." ಮುಂದಿನ ಜೂನ್‌ನಲ್ಲಿ ನನಗೆ ಹರಿಹರಕ್ಕೆ ವರ್ಗವಾಯಿತು. ರುದ್ರಪ್ಪ ಮೇಷ್ಟ್ರು ನಿವೃತ್ತರಾದರು ಎಂದು ಆಮೇಲೆ ಕೇಳಿದೆ. ವರ್ಗವಾದ ಮೇಲೆ ನಾನು ಈ ಕಡೆ ಬಂದಿರಲೇ ಇಲ್ಲ.

ಹೋದ ವಾರ ಆ ವಾಸನೆ ಬಡಿದಾಗ, ಕಾಲು ಗಂಟೆ ತಡವಾದರೆ ಗೃಹಪ್ರವೇಶ ನಿಲ್ಲುವುದಿಲ್ಲ ಎಂದುಕೊಂಡು ಸ್ಕೂಟರನ್ನು ಹಟ್ಟಿಯ ಕಡೆ ತಿರುಗಿಸಿದೆ. ಅಂಗಳ ತುಂಬ ಜೋಳ. ಗೋಡೆಯ ಸುಣ್ಣದ ಅಕ್ಷರದ ಮೇಲೆ ಯಾರೋ ಹೊಸದಾಗಿ ಬಣ್ಣ ತೀಡಿದ್ದರು. ಒಳಗೆ ಹೊಸ ಶಿಕ್ಷಕಿ ಲೆಕ್ಕ ಹೇಳುತ್ತಿದ್ದರು. ಹೊಂಗೆ ಮರದಡಿ ಹಾಲಮ್ಮ, ಇನ್ನಷ್ಟು ಸಣ್ಣಗಾಗಿ, ಬೊಡ್ಡೆಗೆ ಒರಗಿ ಕೂತಿದ್ದಳು. ಕಾವ್ಯ ಏಳನೆಯ ತರಗತಿಗೆ ಬಂದಳಂತೆ, ಸೈಕಲ್ಲಿನಲ್ಲಿ ದೊಡ್ಡ ಶಾಲೆಗೆ ಹೋಗುತ್ತಾಳಂತೆ. "ಕೂಡು ಟೀಚರಮ್ಮ," ಎಂದಳು ಅಜ್ಜಿ. "ಜೋಳ ನೋಡ್ಕೊ, ಚಾ ಮಾಡಿಸ್ಕಂಡು ಬರ್ತೀನಿ."

ಕೂತೆ. ಗುಬ್ಬಿಗಳನ್ನು ಓಡಿಸಿದೆ. ಐದು ನಿಮಿಷವೂ ಆಗಿರಲಿಲ್ಲ, ಒಂದು ಪುಟ್ಟ ಹುಡುಗಿ ಪುಸ್ತಕ ಅವಚಿಕೊಂಡು ಬಂದು ನನ್ನ ಮುಂದೆ ನಿಂತಳು. ನಾನು ಯಾರೆಂದು ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ.

"ಜೋಳ ಕಾಯಾಕ ಕೂತೀರೇನ್ರಿ?"

"ಹೂಂ."

"ಹಂಗಾದ್ರೆ ನಂದು ಕೇಳ್ಬೇಕು," ಎಂದು ಪಕ್ಕದಲ್ಲಿ ಕೂತು ಪುಟ ಬಿಡಿಸಿದಳು. ಒಂದೇ ಉಸಿರಿಗೆ ಓದತೊಡಗಿದಳು, ಬೆರಳು ಒಂದು ಸಾಲು ಮುಂದೆ, ಬಾಯಿ ಒಂದು ಸಾಲು ಹಿಂದೆ.

"ತಡಿ," ಎಂದೆ ನಾನು. "ನಂಗೆ ತಿಳೀಲಿಲ್ಲ. ಮತ್ತೆ ಓದು."